ಮೇಷ್ಟ್ರ ಕಾರು: ಆರ್‌ಟಿಒಗೆ ಅರ್ಜಿ ಕೊಡಬೇಕಾ?

ಪ್ರಶ್ನೆ: ನಾವು ಮೈಸೂರಿನವರು. ಪಕ್ಕದ ಮನೆಯ ಯಜಮಾನರಿಗೆ 79 ವರ್ಷ. ಹೈಸ್ಕೂಲಿನಲ್ಲಿ ನನಗೇ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು. ಸಕ್ಕರೆ ಕಾಯಿಲೆ ಇದೆ. ಮಗ ಅಮೆರಿಕದಲ್ಲಿದ್ದಾನೆ, ಇಲ್ಲಿ ಗಂಡ ಹೆಂಡತಿ ಇಬ್ಬರೇ. ಈಗಲೂ ತಾವೇ ಕಾರು ಓಡಿಸುತ್ತಾರೆ. ಇತ್ತೀಚೆಗೆ ಎರಡು ಸಲ ನಮ್ಮ ಗೇಟಿಗೆ ತಾಗಿಸಿದರು. ಎರಡು ಸಲವೂ ಬೆಳಿಗ್ಗೆ ಏಳರ ಹೊತ್ತು. ಹೋದ ವಾರ ಸರ್ಕಲ್‌ನಲ್ಲಿ ಸುತ್ತು ಹಾಕದೆ ಸೀದಾ ಬಲಕ್ಕೆ, ಎದುರು ಬರುವ ಗಾಡಿಗಳ ಕಡೆಗೇ ನುಗ್ಗಿಬಿಟ್ಟರು. ಅಲ್ಲೇ ಮಕ್ಕಳು ಸ್ಕೂಲ್ ವ್ಯಾನಿಗೆ ಕಾಯುತ್ತಿರುತ್ತಾರೆ. ಆರ್‌ಟಿಒಗೆ ದೂರು ಕೊಡಬೇಕಾ? ಕೊಟ್ಟರೆ ಆಮೇಲೆ ಅವರ ಮುಖ ಹೇಗೆ ನೋಡಲಿ?

ಉತ್ತರ: ಕೊಡಬಹುದು. ಕಾನೂನಿನಲ್ಲಿ ಅದಕ್ಕೆ ದಾರಿ ಇದೆ, ಮುಂದೆ ಹೇಳುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಆರ್‌ಟಿಒಗಿಂತ ಮೊದಲು ಡಾಕ್ಟರ ಕಿವಿಗೆ ಬೀಳಬೇಕಾದ ಮಾತೊಂದಿದೆ. ಅದು ಎಷ್ಟು ಮುಖ್ಯ ಅಂತ ನಿಮಗೇ ಹೊಳೆದಂತಿಲ್ಲ. ಎರಡು ಸಲವೂ ಬೆಳಿಗ್ಗೆ ಏಳರ ಹೊತ್ತು ಅಂದಿರಲ್ಲ, ಅದು.

ನಾನು ಸಾರಿಗೆ ಇಲಾಖೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದವನು. ಜನರ ಬಾಯಲ್ಲಿ ಬ್ರೇಕ್ ಇನ್‌ಸ್ಪೆಕ್ಟರ್. ವಯಸ್ಸಾದವರ ಡ್ರೈವಿಂಗ್ ಬಗ್ಗೆ ಬರುತ್ತಿದ್ದ ದೂರುಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು: "ಇವರಿಗೆ ವಯಸ್ಸಾಗಿದೆ, ಲೈಸೆನ್ಸ್ ರದ್ದು ಮಾಡಿ." ಅಷ್ಟನ್ನೇ ಹಿಡಿದು ಯಾವ ಅಧಿಕಾರಿಯೂ ಏನೂ ಮಾಡಲು ಬರುವುದಿಲ್ಲ. ಸ್ವಂತ ಕಾರು ಓಡಿಸಲು ನಮ್ಮ ದೇಶದಲ್ಲಿ ಇಷ್ಟೇ ವಯಸ್ಸಿನವರೆಗೆ ಅಂತ ಮಿತಿ ಇಲ್ಲ. ಕಣ್ಣು, ಕೈಕಾಲು, ತಲೆ ನೆಟ್ಟಗಿದ್ದರೆ 85ರಲ್ಲೂ ಓಡಿಸಬಹುದು. 60ಕ್ಕೇ ಕೀ ಕೆಳಗಿಡಬೇಕಾದವರನ್ನೂ ನೋಡಿದ್ದೇನೆ. ಹಾಗಾಗಿ ವಯಸ್ಸಿನ ಮಾತು ಬಿಡಿ. ಬೆಳಿಗ್ಗೆ ಏಳಕ್ಕೆ ಬನ್ನಿ.

ಸಕ್ಕರೆ ಕಾಯಿಲೆಯವರು ಬೆಳಿಗ್ಗೆ ಎದ್ದು, ಮಾತ್ರೆ ನುಂಗಿ, ಬರೀ ಒಂದು ಲೋಟ ಕಾಫಿ ಕುಡಿದು, ತಿಂಡಿಗೆ ಮುಂಚೆ ತರಕಾರಿ ತಂದುಬಿಡೋಣ ಅಂತ ಹೊರಡುವುದು ನಮ್ಮ ಕಡೆ ಮಾಮೂಲು. ಗ್ಲಿಮೆಪಿರೈಡ್ ಥರದ ಮಾತ್ರೆ ತೆಗೆದುಕೊಂಡರೂ ಅಷ್ಟೇ, ಇನ್ಸುಲಿನ್ ಚುಚ್ಚಿಕೊಂಡರೂ ಅಷ್ಟೇ, ಹೊತ್ತಿಗೆ ಹೊಟ್ಟೆಗೆ ಬೀಳದಿದ್ದರೆ ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಚಿಕ್ಕ ವಯಸ್ಸಿನವರಿಗಾದರೆ ಕೈ ನಡುಗಿ, ಬೆವರಿ ಮುನ್ಸೂಚನೆ ಸಿಗುತ್ತದೆ. ವಯಸ್ಸಾದವರಿಗೆ, ಅದರಲ್ಲೂ ಬಹಳ ವರ್ಷದಿಂದ ಸಕ್ಕರೆ ಇರುವವರಿಗೆ, ಎಷ್ಟೋ ಸಲ ಆ ಸೂಚನೆ ಬರುವುದೇ ಇಲ್ಲ. ಸೀದಾ ಮಂಕು ಕವಿಯುತ್ತದೆ. ಹೊರಗಿನಿಂದ ನೋಡಿದವರಿಗೆ ಅದು "ಅಜ್ಜನಿಗೆ ಅರಳುಮರಳು" ಅಂತ ಕಾಣುತ್ತದೆ. ತಿಂಡಿ ತಿಂದ ಮೇಲೆ ಅದೇ ಮನುಷ್ಯ ಸರಿಯಾಗಿರುತ್ತಾರೆ.

ಇನ್ನೊಂದು ಸಾಧ್ಯತೆ ಬಿಸಿಲು. ನಿಮ್ಮ ಬೀದಿ ಪೂರ್ವಕ್ಕೆ ಮುಖ ಮಾಡಿದೆಯಾ ನೋಡಿ. ಏಳು ಗಂಟೆಯ ಸೂರ್ಯ ಗಾಜಿನ ನೇರಕ್ಕೇ ಇರುತ್ತಾನೆ. ಕಣ್ಣಿನಲ್ಲಿ ಪೊರೆ ಬೆಳೆಯುತ್ತಿದ್ದರೆ ಆ ಬೆಳಕು ಒಡೆದು ಹರಡಿ, ಎದುರಿಗೆ ಏನಿದೆ ಅಂತಲೇ ತಿಳಿಯುವುದಿಲ್ಲ. ಬ್ರಿಟನ್ನಿನ ಎಲಿಜಬೆತ್ ರಾಣಿಯ ಗಂಡ ಪ್ರಿನ್ಸ್ ಫಿಲಿಪ್ 2019ರ ಜನವರಿಯಲ್ಲಿ, ತಮ್ಮ 97ನೇ ವಯಸ್ಸಿನಲ್ಲಿ, ಅಡ್ಡರಸ್ತೆಯಿಂದ ದೊಡ್ಡ ರಸ್ತೆಗೆ ಬರುವಾಗ ಇನ್ನೊಂದು ಕಾರಿಗೆ ಗುದ್ದಿ ಗಾಡಿ ಮಗುಚಿಹಾಕಿಕೊಂಡರು. ಆ ಕಾರಿನಲ್ಲಿದ್ದ ಒಬ್ಬ ಹೆಂಗಸಿನ ಮಣಿಕಟ್ಟು ಮುರಿಯಿತು, ಹಿಂದೆ ಒಂಬತ್ತು ತಿಂಗಳ ಮಗು ಇತ್ತು. ಸೂರ್ಯ ತೀರಾ ಕೆಳಗಿದ್ದ, ಕಾರು ಕಾಣಲಿಲ್ಲ ಅಂತ ಅವರು ಆಕೆಗೆ ಕಾಗದ ಬರೆದರು. ಮುಂದಿನ ತಿಂಗಳೇ ಲೈಸೆನ್ಸ್ ಬಿಟ್ಟುಕೊಟ್ಟರು. ನಿಮ್ಮ ಮೇಷ್ಟ್ರಿಗೆ ಇರುವುದು ಬರೀ ಪೊರೆಯೇ ಆದರೆ ಲೈಸೆನ್ಸ್ ಬಿಡಬೇಕಾಗಿಲ್ಲ. ಆಪರೇಷನ್ ಮಾಡಿಸಿ ಅದೇ ದಿನ ಮನೆಗೆ ಬರಬಹುದು. ಡಾಕ್ಟರು ಸರಿ ಅಂದ ಮೇಲೆ ಮತ್ತೆ ಓಡಿಸಬಹುದು.

ರಾತ್ರಿ ನಿದ್ದೆಗೆ ಅಂತ ಆಲ್‌ಪ್ರಾಜೊಲಾಮ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರ ಅಮಲು ಬೆಳಗಿನವರೆಗೂ ಉಳಿಯುತ್ತದೆ. ಅದನ್ನೂ ಕೇಳಿ ತಿಳಿದುಕೊಳ್ಳಿ.

ಈ ಮೂರಕ್ಕೂ ಮದ್ದಿದೆ. ನನಗೆ ಜಾಸ್ತಿ ಯೋಚನೆ ಹತ್ತಿಸಿದ್ದು ಗೇಟಲ್ಲ, ಸರ್ಕಲ್. ಗೇಟಿಗೆ ತಾಗಿಸಿದ್ದು ಅಳತೆಯ ತಪ್ಪು. ದಿನಾ ಹೋಗುವ ಸರ್ಕಲ್‌ನಲ್ಲಿ ಸುತ್ತು ಹಾಕದೇ ಹೋದದ್ದು ಬೇರೆ ಜಾತಿಯದು. ಹಾಗಂತ ತಕ್ಷಣ ತೀರ್ಮಾನಕ್ಕೂ ಬರಬೇಡಿ. ಮೈಸೂರಿನ ಸರ್ಕಲ್‌ಗಳಲ್ಲಿ ಇಪ್ಪತ್ತೈದರ ಹುಡುಗರೂ ಅದನ್ನೇ ಮಾಡುತ್ತಾರೆ, ಬೇಕಂತಲೇ, ಅರ್ಧ ನಿಮಿಷ ಉಳಿಸಲು. ಮೇಷ್ಟ್ರು ಗೊತ್ತಿದ್ದೂ ಹಾಗೆ ಹೋದರಾ, ಗೊತ್ತಿಲ್ಲದೆ ಹೋದರಾ? ಎದುರಿನವರು ಹಾರ್ನ್ ಹೊಡೆದಾಗ ಗಾಬರಿಯಾಗಿ ನಿಲ್ಲಿಸಿದರಾ, ಅಥವಾ ಇವರೆಲ್ಲ ಯಾಕೆ ಹೀಗೆ ಬರುತ್ತಿದ್ದಾರೆ ಅನ್ನುವ ಮುಖದಲ್ಲಿ ಮುಂದಕ್ಕೇ ಹೋದರಾ? ಎರಡನೆಯದಾಗಿದ್ದರೆ ಮರೆವಿನ ಕಾಯಿಲೆಯ ಅನುಮಾನ ಬರುತ್ತದೆ. ಆಗ ಕಾಯುತ್ತಾ ಕೂರುವ ಹಾಗಿಲ್ಲ.

ತಿಳಿಯಲು ಒಂದು ದಾರಿ ಇದೆ. ಟ್ರಾಫಿಕ್ ಕಡಿಮೆ ಇರುವ ಹೊತ್ತು ನೋಡಿ ಅವರ ಪಕ್ಕದಲ್ಲಿ ಕೂತು ಒಂದು ಸುತ್ತು ಹೋಗಿ ಬನ್ನಿ. "ಮೇಷ್ಟ್ರೇ, ಆ ಕಡೆ ಹೋಗ್ತಿದ್ರೆ ನನ್ನನ್ನೂ ಬಿಡ್ತೀರಾ?" ಅಂದರೆ ಬೇಡ ಅನ್ನುವವರು ಕಡಿಮೆ. ಹತ್ತುವಾಗ ಮೊದಲು ಅವರ ಕಾಲು ನೋಡಿ. ಹವಾಯಿ ಚಪ್ಪಲಿ ಹಾಕಿದ್ದರೆ ಅದೇ ಒಂದು ಅಪಾಯ. ಜಾರಿ ಪೆಡಲ್ ಕೆಳಗೆ ಸಿಕ್ಕಿಕೊಳ್ಳುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರಿಗೆ ಚಪ್ಪಲಿ ಕಳಚಿದ್ದೂ ಗೊತ್ತಾಗುವುದಿಲ್ಲ, ಕಾಲು ಯಾವ ಪೆಡಲ್ ಮೇಲಿದೆ ಅಂತಲೂ ಗೊತ್ತಾಗುವುದಿಲ್ಲ. ಆಕ್ಸಿಲರೇಟರಿಂದ ಬ್ರೇಕಿಗೆ ಹೋಗುವಾಗ ಹಿಮ್ಮಡಿ ಊರಿ ಪಾದ ತಿರುಗಿಸುತ್ತಾರಾ, ಇಲ್ಲ ಇಡೀ ಕಾಲನ್ನು ಎತ್ತಿ ಹುಡುಕಿ ಹುಡುಕಿ ಇಡುತ್ತಾರಾ ಗಮನಿಸಿ. ಎರಡನೆಯದಾದರೆ ಒಳ್ಳೆಯದಲ್ಲ.

ಆಮೇಲೆ ಬಲಕ್ಕೆ ತಿರುಗುವುದನ್ನು ನೋಡಿ. ನಮ್ಮ ದೇಶದಲ್ಲಿ ಎಡಕ್ಕೆ ತಿರುಗುವುದು ಸುಲಭ, ಬಲಕ್ಕೆ ತಿರುಗಬೇಕಾದರೆ ಎದುರಿನ ಸಾಲನ್ನು ಸೀಳಿಕೊಂಡು ಹೋಗಬೇಕು. ಎದುರಿನ ಬೈಕು ದೂರದಲ್ಲಿದೆ ಅಂತ ಕಂಡರೆ ಸಾಲದು, ಅದು ಎಷ್ಟು ಜೋರಾಗಿ ಬರುತ್ತಿದೆ ಅಂತಲೂ ಅಂದಾಜಾಗಬೇಕು. ಗಂಟೆಗೆ 50 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹತ್ತಿರ ಬಂದಿರುತ್ತದೆ. ವಯಸ್ಸಾದ ಹಾಗೆ ಮೊದಲು ಕೈಕೊಡುವುದು ಈ ಅಂದಾಜು. ಕೆಲವರು ತಿರುಗಲೋ ಬೇಡವೋ ಅಂತ ನಿಂತೇ ಇರುತ್ತಾರೆ, ಆಮೇಲೆ ಹಿಂದಿನವರ ಹಾರ್ನಿಗೆ ಹೆದರಿ, ಹೋಗಬಾರದ ಹೊತ್ತಿಗೆ ನುಗ್ಗುತ್ತಾರೆ.

ಅಮ್ಮನೂ, ಅಂದರೆ ಮೇಷ್ಟ್ರ ಹೆಂಡತಿಯೂ, ಜೊತೆಗಿದ್ದರೆ ಅವರ ಮಾತಿಗೂ ಕಿವಿಕೊಡಿ. "ಹಂಪ್ ಬಂತು ರೀ", "ನಾಯಿ ಅಡ್ಡ ಇದೆ", "ಎಡಗಡೆ ಆಟೋ, ಎಡಗಡೆ ಆಟೋ" ಅಂತ ದಾರಿಯುದ್ದಕ್ಕೂ ಹೇಳುತ್ತಿದ್ದರೆ ಆ ಕಾರು ಓಡಿಸುತ್ತಿರುವುದು ಇಬ್ಬರು. ಅವರಿಲ್ಲದ ದಿನ ಅರ್ಧ ಡ್ರೈವರ್ ಇಲ್ಲ ಅಂತಲೇ ಲೆಕ್ಕ. ಕಾರಿನ ಮೈ ಮೇಲಿನ ಗೀರುಗಳನ್ನೂ ನೋಡಿ. "ಅದು ಯಾವಾಗ ತಾಗಿತೋ ಗೊತ್ತೇ ಆಗಲಿಲ್ಲ" ಅನ್ನುವ ಗೀರುಗಳು ಜಾಸ್ತಿ ಇದ್ದರೆ ಗ್ಲಾಕೋಮಾ ಇದೆಯಾ ಅಂತ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ನೇರ ನೋಟ ಚೆನ್ನಾಗಿರುತ್ತದೆ, ಅಕ್ಕಪಕ್ಕದ್ದು ಸದ್ದಿಲ್ಲದೆ ಹೋಗಿರುತ್ತದೆ.

ಲೈಸೆನ್ಸ್ ಇದ್ದರೆ ಇದೆಲ್ಲ ಪರೀಕ್ಷೆ ಆಗಿಯೇ ಇರುತ್ತದಲ್ಲ ಅಂತ ನಿಮಗೆ ಅನ್ನಿಸಬಹುದು. ಇಲ್ಲ. 55 ದಾಟಿದವರಿಗೆ ಲೈಸೆನ್ಸ್ ಸಿಗುವುದು ಐದೈದು ವರ್ಷಕ್ಕೆ. ನವೀಕರಣದ ಸಮಯದಲ್ಲಿ ಫಾರಂ 1ಎ ಅನ್ನುವ ವೈದ್ಯಕೀಯ ಪ್ರಮಾಣಪತ್ರ ಕೊಡಬೇಕು, 40 ದಾಟಿದ ಎಲ್ಲರಿಗೂ ಇದೆ. ಆ ಫಾರಂ ಕಣ್ಣಿನ ಬಗ್ಗೆ ಮುಖ್ಯವಾಗಿ ಕೇಳುವುದು ಹಗಲು ಬೆಳಕಿನಲ್ಲಿ 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಕಾಣುತ್ತದಾ ಅಂತ. ಗ್ಲಾಕೋಮಾ ಇರುವವರು ಅದನ್ನು ಸಲೀಸಾಗಿ ಓದಿಬಿಡುತ್ತಾರೆ. ಮರೆವಿನ ಬಗ್ಗೆ ನೇರವಾದ ಪ್ರಶ್ನೆಯೇ ಇಲ್ಲ. ಇನ್ನು, ಫಾರಂಗೆ ಸಹಿ ಹೇಗೆ ಬೀಳುತ್ತದೆ ಅಂತ ಲೈಸೆನ್ಸ್ ಮಾಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಅರ್ಜಿದಾರರ ಮುಖವನ್ನೇ ನೋಡದೆ ಸಹಿ ಹಾಕಿದ ಪ್ರಮಾಣಪತ್ರಗಳು ನನ್ನ ಮೇಜಿಗೂ ಬಂದಿವೆ. ಮೇಲ್ನೋಟಕ್ಕೆ ಕಾಗದ ಸರಿಯಾಗಿಯೇ ಇರುತ್ತದೆ.

ಆದರೂ ಲೈಸೆನ್ಸ್ ಮೇಲಿನ ತಾರೀಕು ನೋಡುವುದು ಒಳ್ಳೆಯದು. ಎಷ್ಟೋ ಹಿರಿಯರ ಲೈಸೆನ್ಸ್ ಮುಗಿದು ವರ್ಷಗಳಾಗಿರುತ್ತವೆ, ಯಾರೂ ಕೇಳಿಲ್ಲ, ಅವರೂ ನೋಡಿಕೊಂಡಿಲ್ಲ. ಮುಗಿದು ಒಂದು ವರ್ಷ ದಾಟಿದ್ದರೆ ಮತ್ತೆ ಡ್ರೈವಿಂಗ್ ಟೆಸ್ಟ್ ಕೊಡಬೇಕು. ಆಗ ನಿಮ್ಮ ಕೆಲಸ ಅರ್ಧ ಮುಗಿದ ಹಾಗೆ. ಲೈಸೆನ್ಸ್ ಇಲ್ಲದೆ ಓಡಿಸಿದರೆ ದಂಡ 5,000 ರೂಪಾಯಿವರೆಗೆ ಅಂದರೆ ಯಾರೂ ಹೆದರುವುದಿಲ್ಲ. ಹೆದರಬೇಕಾದ್ದು ಇನ್ಶೂರೆನ್ಸಿಗೆ. ಚಾಲ್ತಿಯಲ್ಲಿಲ್ಲದ ಲೈಸೆನ್ಸಿನಲ್ಲಿ ಯಾರಿಗಾದರೂ ಗುದ್ದಿದರೆ, ಕೋರ್ಟು ಹೇಳಿದ ಪರಿಹಾರವನ್ನು ಕಂಪನಿ ಪೆಟ್ಟಾದವರಿಗೆ ಕೊಟ್ಟರೂ ಆಮೇಲೆ ಕಾರಿನ ಮಾಲೀಕರಿಂದ ವಸೂಲಿ ಮಾಡಿಕೊಳ್ಳಬಹುದು. ಮನೆ ಮಾರಬೇಕಾದೀತು. ಲೆಕ್ಕದ ಮೇಷ್ಟ್ರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಈಗ ಮಾತಾಡುವ ವಿಷಯ. ಮೊದಲು ಅಮ್ಮನ ಹತ್ತಿರ ಹೋಗಿ. ಅವರಿಗೆ ನಿಮಗಿಂತ ಜಾಸ್ತಿ ಗೊತ್ತಿರುತ್ತದೆ. ಹೇಳದೆ ಸುಮ್ನಿರುವುದಕ್ಕೆ ಕಾರಣ, ಕಾರು ನಿಂತರೆ ಆಸ್ಪತ್ರೆಗೆ, ದೇವಸ್ಥಾನಕ್ಕೆ, ತಂಗಿ ಮನೆಗೆ ಹೋಗುವುದು ಹೇಗೆ ಅನ್ನುವ ಚಿಂತೆ. ಅದಕ್ಕೊಂದು ವ್ಯವಸ್ಥೆ ಕೈಯಲ್ಲಿಟ್ಟುಕೊಂಡೇ ಮಾತು ತೆಗೆಯಿರಿ. ಬೀದಿಯ ಆಟೋದವರಲ್ಲಿ ನಂಬಿಕಸ್ಥರೊಬ್ಬರನ್ನು ಗೊತ್ತು ಮಾಡಿ ನಂಬರ್ ಕೊಡಿ. ದೂರ ಹೋಗುವ ದಿನಕ್ಕೆ ಆಕ್ಟಿಂಗ್ ಡ್ರೈವರ್ ಸಿಗುತ್ತಾರೆ, ಮೇಷ್ಟ್ರದೇ ಕಾರು, ಮೇಷ್ಟ್ರು ಹಿಂದೆ ಕೂತರಾಯಿತು. ಬೇರೆ ಊರಿಗಾದರೆ ಕೆಎಸ್‌ಆರ್‌ಟಿಸಿಯಲ್ಲಿ 60 ದಾಟಿದವರಿಗೆ ಟಿಕೆಟ್ಟಿನಲ್ಲಿ ಶೇಕಡಾ 25 ಕಡಿಮೆ. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಸಾಮಾನ್ಯ ಬಸ್ಸಿನಲ್ಲಿ ಅಮ್ಮನಿಗೆ ದುಡ್ಡೇ ಬೇಡ.

ಮೇಷ್ಟ್ರ ಹತ್ತಿರ ಕಾರಿನ ಮಾತು ಎತ್ತಬೇಡಿ, ಕಣ್ಣಿನ ಮಾತು ಎತ್ತಿ. "ಮೇಷ್ಟ್ರೇ, ನನ್ನ ಕಣ್ಣು ತೋರಿಸೋಕೆ ಹೋಗ್ತಿದ್ದೀನಿ, ನೀವೂ ಬನ್ನಿ, ಇಬ್ಬರದೂ ಒಂದೇ ಸಲ ಆಗುತ್ತೆ." ಗೇಟಿಗೆ ತಾಗಿಸಿದ ದಿನವೇ ಬೇಡ, ನಾಲ್ಕು ಜನರ ಎದುರಿಗಂತೂ ಬೇಡವೇ ಬೇಡ. ಅವರ ಮಾಮೂಲು ಡಾಕ್ಟರಿಗೆ ಅಮ್ಮನಾಗಲಿ ಮಗನಾಗಲಿ ಮೊದಲೇ ಫೋನ್ ಮಾಡಿ, ಏಳು ಗಂಟೆಯ ಕಥೆಯನ್ನೂ ಸರ್ಕಲ್ ಕಥೆಯನ್ನೂ ಹೇಳಿಟ್ಟಿರಬೇಕು. ಹೇಳದಿದ್ದರೆ ಡಾಕ್ಟರು ಬಿಪಿ, ಶುಗರ್ ನೋಡಿ ಕಳಿಸಿಬಿಡುತ್ತಾರೆ. "ಸ್ವಲ್ಪ ದಿನ ಗಾಡಿ ಮುಟ್ಟಬೇಡಿ" ಅನ್ನುವ ಮಾತು ಡಾಕ್ಟರ ಬಾಯಿಂದ ಬಂದರೆ ಅವರಿಗೂ ಅವಮಾನವಿಲ್ಲ, ನಿಮಗೂ ನಿಷ್ಠುರವಿಲ್ಲ.

ಮರೆವಿನ ಪರೀಕ್ಷೆ ಬಗ್ಗೆ ಒಂದು ಎಚ್ಚರಿಕೆ. ನೂರರಿಂದ ಏಳೇಳು ಕಳೆಯುತ್ತಾ ಬನ್ನಿ ಅಂತ ಡಾಕ್ಟರು ಕೇಳುವುದುಂಟು. ಜೀವನವಿಡೀ ಲೆಕ್ಕ ಪಾಠ ಮಾಡಿದವರು ಅದನ್ನು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಅದನ್ನು ನೋಡಿ ಎಲ್ಲ ಸರಿಯಿದೆ ಅಂದುಕೊಳ್ಳಬಾರದು. ಬಿಳಿ ಹಾಳೆ ಕೊಟ್ಟು, ಗಡಿಯಾರ ಬರೆದು ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ ಅಂದಾಗ ಮುಳ್ಳು ಎಲ್ಲಿ ಹೋಗುತ್ತದೆ ಅನ್ನುವುದು ಅವರ ವಿಷಯದಲ್ಲಿ ಜಾಸ್ತಿ ಹೇಳುತ್ತದೆ. ಅನುಮಾನ ಉಳಿದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗಾಗಿಯೇ ಕ್ಲಿನಿಕ್ ಇದೆ, ಮೈಸೂರಿನಿಂದ ಹೋಗಿಬರುವ ದೂರವೇ.

ಮರೆವಿನ ಕಾಯಿಲೆ ಅಂತ ಖಾತ್ರಿಯಾಗಿ ಡಾಕ್ಟರು ಓಡಿಸಬಾರದು ಅಂದರೆ ಅಲ್ಲಿಗೆ ನಿಲ್ಲಬೇಕು. ಹಗಲು ಮಾತ್ರ, ಮಾರ್ಕೆಟ್ಟಿಗೆ ಮಾತ್ರ ಅನ್ನುವ ರಾಜಿ ಬೇಡ. ಅವರಿಂದ ಮಾತು ತೆಗೆದುಕೊಂಡೂ ಪ್ರಯೋಜನವಿಲ್ಲ, ಕೊಟ್ಟ ಮಾತೇ ನೆನಪಿರುವುದಿಲ್ಲ. ಕಾರನ್ನು ಮನೆ ಮುಂದಿನಿಂದಲೇ ಸಾಗಿಸಬೇಕು. ಕೀ ಅಡಗಿಸಿಡುವುದು, ಬ್ಯಾಟರಿ ವೈರ್ ಕಿತ್ತಿಡುವುದು ಇಂಥ ಉಪಾಯಗಳನ್ನು ಬೇರೆಯವರ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಬುದ್ಧಿ ನೆಟ್ಟಗಿರುವ ಹಿರಿಯರಿಗೆ ಅದು ಮೋಸ. ಇನ್ನೊಂದು, ಶೆಡ್ಡಿನಲ್ಲಿ ಹಳೇ ಸ್ಕೂಟರ್ ಇದೆಯಾ ನೋಡಿಕೊಳ್ಳಿ. ಕಾರು ನಿಂತ ಮರುದಿನವೇ ಅದಕ್ಕೆ ಪೆಟ್ರೋಲ್ ಬೀಳುತ್ತದೆ. 79ರಲ್ಲಿ ಎರಡು ಗಾಲಿ ಕಾರಿಗಿಂತ ಕೆಟ್ಟದ್ದು.

ಮಗನಿಗೆ ಫೋನ್ ಮಾಡಿದರೆ ಬಹುಶಃ ಎರಡು ಮಾತು ಬರುತ್ತವೆ. ಒಂದು, "ಅಪ್ಪ ನನ್ನ ಮಾತು ಕೇಳಲ್ಲ." ಎರಡು, "ಆಟೋಮ್ಯಾಟಿಕ್ ಗಾಡಿ ಕೊಡಿಸ್ತೀನಿ." ಎರಡನೆಯದಕ್ಕೆ ಮಾತ್ರ ಬೇಡ ಅನ್ನಿ. ಐವತ್ತು ವರ್ಷ ಕ್ಲಚ್ ತುಳಿದ ಕಾಲಿಗೆ ಈಗ ಎರಡೇ ಪೆಡಲ್ ಕೊಟ್ಟರೆ ಗೊಂದಲ ಜಾಸ್ತಿಯಾಗುತ್ತದೆ. ಗೇರಿನ ಕಾರಿನಲ್ಲಿ ಗಾಬರಿಯಾದಾಗ ರೂಢಿಯಂತೆ ಎಡಗಾಲು ಕ್ಲಚ್ ತುಳಿದುಬಿಡುತ್ತದೆ, ಇಂಜಿನ್ ರೊಂಯ್ ಅಂದರೂ ಗಾಡಿ ಮುಂದೆ ಹೋಗುವುದಿಲ್ಲ. ಆಟೋಮ್ಯಾಟಿಕ್‌ನಲ್ಲಿ ಬ್ರೇಕ್ ಅಂತ ಆಕ್ಸಿಲರೇಟರ್ ತುಳಿದರೆ ತಡೆಯಲು ಇನ್ನೇನೂ ಇಲ್ಲ. ಟೋಕಿಯೋದ ಇಕೆಬುಕುರೋದಲ್ಲಿ 2019ರ ಏಪ್ರಿಲ್‌ನಲ್ಲಿ 87 ವರ್ಷದ ಚಾಲಕರೊಬ್ಬರು ಹೀಗೇ ಪೆಡಲ್ ತಪ್ಪಿ ತುಳಿದು, ಸೈಕಲ್‌ನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಮೂರು ವರ್ಷದ ಮಗಳ ಪ್ರಾಣ ಹೋಯಿತು. ಕಾರೇ ಕೆಟ್ಟಿತ್ತು ಅಂತ ಅವರು ವಾದಿಸಿದರು, ಕೋರ್ಟು ಒಪ್ಪಲಿಲ್ಲ, 2021ರಲ್ಲಿ ಐದು ವರ್ಷ ಶಿಕ್ಷೆಯಾಯಿತು.

ಇಷ್ಟೆಲ್ಲ ಮಾಡಿಯೂ ಎರಡು ವಾರದಲ್ಲಿ ಏನೂ ಅಲುಗಾಡದಿದ್ದರೆ ಅರ್ಜಿ ಕೊಡಿ. ನಡುವೆ ಇನ್ನೊಂದು ಸಲ ಸರ್ಕಲ್‌ನಂಥದ್ದು ನಡೆದರೆ ಎರಡು ವಾರವೂ ಬೇಡ, ಅವತ್ತೇ ಕೊಡಿ. ಕಣ್ಣೆದುರಿಗೇ ಅನಾಹುತ ಆಗುವ ಹಾಗಿದ್ದರೆ ಅರ್ಜಿ ಬರೆಯುತ್ತಾ ಕೂರಬೇಡಿ, 112ಕ್ಕೆ ಕರೆ ಮಾಡಿ.

ಮೋಟಾರು ವಾಹನ ಕಾಯ್ದೆಯ 16ನೇ ಕಲಂ ಇದಕ್ಕೇ ಇದೆ. ಕಾಯಿಲೆಯಿಂದಲೋ ಅಂಗದ ಊನದಿಂದಲೋ ಒಬ್ಬರು ಗಾಡಿ ಓಡಿಸಲು ತಕ್ಕವರಲ್ಲ ಅಂತ ನಂಬಲು ಸರಿಯಾದ ಕಾರಣವಿದ್ದರೆ, ಲೈಸೆನ್ಸ್ ಅಧಿಕಾರಿ ಯಾವಾಗ ಬೇಕಾದರೂ ಹೊಸ ವೈದ್ಯಕೀಯ ಪ್ರಮಾಣಪತ್ರ ತನ್ನಿ ಅನ್ನಬಹುದು, ಲೈಸೆನ್ಸನ್ನೇ ರದ್ದು ಮಾಡಲೂಬಹುದು. ರದ್ದಾದರೆ 30 ದಿನದೊಳಗೆ ಮೇಲ್ಮನವಿಗೆ ಅವಕಾಶವಿದೆ. ಅಂದರೆ ನಿಮ್ಮ ಒಂದು ಕಾಗದದಿಂದ ರಾತ್ರೋರಾತ್ರಿ ಅವರ ಲೈಸೆನ್ಸ್ ಹೋಗಿಬಿಡುವುದಿಲ್ಲ. ಆ ಪಾಪಪ್ರಜ್ಞೆ ಬೇಡ. ಕೊಡದಿದ್ದರೆ ಕಾನೂನು ನಿಮ್ಮನ್ನು ಹಿಡಿಯುವುದೂ ಇಲ್ಲ.

ಅರ್ಜಿ ಒಂದು ಪುಟ ಸಾಕು. ಕಾರಿನ ನಂಬರ್, ತಾರೀಕು, ಹೊತ್ತು, ಜಾಗ, ನೀವು ಕಣ್ಣಾರೆ ಕಂಡದ್ದು. ಸಿಸಿಟಿವಿ ತುಣುಕೋ ಫೋಟೋವೋ ಇದ್ದರೆ ಜೊತೆಗಿಡಿ. ಅವರ ಮಧುಮೇಹದ ಬಗ್ಗೆ, ಮಾತ್ರೆಗಳ ಬಗ್ಗೆ ಊಹೆ ಬರೆಯಬೇಡಿ, ಅದು ಡಾಕ್ಟರ ಕೆಲಸ. "ವಯಸ್ಸಾದವರು" ಅನ್ನುವ ಪದವೂ ಬೇಕಿಲ್ಲ. ಲೈಸೆನ್ಸ್ ರದ್ದು ಮಾಡಿ ಅಂತ ಕೇಳಬೇಡಿ, ಕಲಂ 16ರಂತೆ ವೈದ್ಯಕೀಯ ಪರೀಕ್ಷೆ ಮಾಡಿಸಿ ಅಂತ ಕೇಳಿ. ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ತಾರೀಕು ಹಾಕಿಸಿಕೊಳ್ಳಿ. ಉತ್ತರ ಬಾರದಿದ್ದರೆ ಆ ಪ್ರತಿ ಹಿಡಿದೇ ಮತ್ತೆ ಹೋಗಬೇಕು.

ಹೆಸರು ಬರೆಯದೆ ಮೂಗರ್ಜಿ ಹಾಕಿಬಿಡಲಾ ಅಂತ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಅವು ಕಸದ ಬುಟ್ಟಿ ಸೇರುತ್ತವೆ. ಕ್ಯಾಲಿಫೋರ್ನಿಯಾದಲ್ಲಾದರೆ ಮರುಪರೀಕ್ಷೆಗೆ ಅರ್ಜಿ ಕೊಡುವವರು ನನ್ನ ಹೆಸರು ಗುಟ್ಟಾಗಿರಲಿ ಅಂತ ಅದರಲ್ಲೇ ಕೇಳಿಕೊಳ್ಳಬಹುದು. ನಮ್ಮಲ್ಲಿ ನಿಮ್ಮ ಹೆಸರು ಹೊರಗೆ ಬರುವುದಿಲ್ಲ ಅಂತ ನಾನು ಮಾತು ಕೊಡಲಾರೆ. ಹಾಗಾಗಿ ಕೊಡುವ ಹಿಂದಿನ ದಿನ ಮಗನಿಗೆ ಒಂದು ಪ್ರತಿ ಕಳಿಸಿ. ಮೇಷ್ಟ್ರಿಗೂ ನೀವೇ ಹೋಗಿ ಹೇಳಿ, ಬೇರೆ ಯಾರಿಂದಲೋ ಅವರ ಕಿವಿಗೆ ಬೀಳುವುದು ಬೇಡ. ಬೈಯಬಹುದು, ಒಂದಷ್ಟು ದಿನ ಮಾತು ಬಿಡಬಹುದು. ಪರೀಕ್ಷೆಗೆ ಬನ್ನಿ ಅಂತ ನೋಟಿಸ್ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋಗಲು ಆ ಮನೆಯಲ್ಲಿ ಬೇರೆ ಯಾರೂ ಇಲ್ಲ. ಆ ದಿನ ರಜೆ ಹಾಕಿ ನೀವೇ ಹೋಗಿ.